ಕಡ್ಡಿ ನಂಬಿದವನ ಗಾಡಿಗೆ ಮುಳ್ಳು ಬಂದದ್ದು

ಮುಳ್ಳು ತಿರುಗುವ ಯಾವ ಯಂತ್ರವನ್ನೂ ಕಡ್ಡಿ ಎಂಬ ಅಡ್ಡಹೆಸರಿನ ಡ್ರೈವರ್ ನಂಬುತ್ತಿರಲಿಲ್ಲ. ಗೋಡೆ ಗಡಿಯಾರ ನೋಡಿದ ಮೇಲೂ ರೇಡಿಯೋ ಹಾಕಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಅಂಗಡಿಯ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದ್ದರೂ ಚೀಲವನ್ನು ಕೈಯಲ್ಲಿ ಎತ್ತಿ ತೂಗಿ, ಅಂಗಡಿಯವನ ಮುಖವನ್ನು ಒಂದು ಗಳಿಗೆ ನೋಡಿ, ಮೂಗಿನಲ್ಲೇ 'ಹೂಂ' ಅಂದು ಹೊರಡುತ್ತಿದ್ದ. ಒಮ್ಮೆ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಮುಳ್ಳು ಏರಿದ್ದನ್ನು ತೋರಿಸಿ, ನಿನಗೆ ಬಿಪಿ ಇದೆ ಎಂದಾಗ, ಬಿಪಿ ತನಗೋ ಆ ಯಂತ್ರಕ್ಕೋ ಎಂದು ವಿಚಾರಿಸಿದ್ದ.

ಇದು ಹುಟ್ಟುಗುಣವಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯಾರದೋ ಲಾರಿ ಓಡಿಸುವಾಗ, ಡೀಸೆಲ್ ಮೀಟರಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದಂತೆಯೇ ಗಾಡಿ ನಿಂತಿತ್ತು. ನರಪಿಳ್ಳೆ ಇಲ್ಲದ ರಸ್ತೆ, ಹಿಂದೆ ಒಂದು ಲೋಡು ಟೊಮೆಟೊ, ಎರಡು ದಿನ. ಮೂರನೆಯ ದಿನ ಬಂದ ಮಾಲೀಕ ಮೊದಲು ಮೀಟರಿನ ಗಾಜನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದ. ಆಮೇಲೆ ಡ್ರೈವರನ ಕೆನ್ನೆಯನ್ನು ಅಷ್ಟು ಮೆಲ್ಲಗಲ್ಲದೆ ತಟ್ಟಿದ. ಸುಳ್ಳು ಹೇಳಿದ್ದು ಮುಳ್ಳು, ಪೆಟ್ಟು ತಿಂದದ್ದು ತಾನು ಎಂಬ ಲೆಕ್ಕ ಅವನ ಮನಸ್ಸಿನಲ್ಲಿ ಇತ್ಯರ್ಥವಾಗಲೇ ಇಲ್ಲ.

ಆದ್ದರಿಂದ ಸ್ವಂತದ ಪಿಕಪ್ ಕೊಂಡ ದಿನವೇ, ಮುರಿದ ಕುರ್ಚಿಯ ಬೆನ್ನಿನಿಂದ ಉದ್ದನೆಯ ಒಂದು ಪಟ್ಟಿ ಕಿತ್ತು, ಚಾಕುವಿನಿಂದ ಏಳು ಗೀರು ಹಾಕಿ, ಅಳತೆ ಕಡ್ಡಿ ಮಾಡಿಕೊಂಡ. ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ, ಎತ್ತಿ, ಒದ್ದೆಯಾದ ಗೀರನ್ನು ಬೆಳಕಿಗೆ ಹಿಡಿದು ನೋಡಿ, ಹಳೇ ಬನಿಯನ್ನಿನ ತುಂಡಿನಲ್ಲಿ ಒರೆಸಿ ಸೀಟಿನ ಹಿಂದೆ ಇಡುವುದು. ಗಾಡಿಯ ಸ್ವಂತ ಮೀಟರು ಎಂದೋ ಸತ್ತಿತ್ತು. ಅದಕ್ಕಾಗಿ ಅವನು ಒಂದು ಹನಿ ಕಣ್ಣೀರನ್ನೂ ಖರ್ಚು ಮಾಡಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಡೀಸೆಲ್ ಇಲ್ಲವೆಂದು ಗಾಡಿ ಒಂದು ದಿನವೂ ರಸ್ತೆಯಲ್ಲಿ ನಿಂತಿರಲಿಲ್ಲ. ಈ ಸಂಗತಿಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುವುದು ಅವನ ಇನ್ನೊಂದು ಉದ್ಯೋಗ.

'ಕಡ್ಡಿ' ಎಂಬ ಹೆಸರನ್ನು ಇಟ್ಟವನು ಹೆಂಡತಿಯ ತಮ್ಮ. ಅವನು ಮೆಕ್ಯಾನಿಕ್. ಹತ್ತೊಂಬತ್ತು ವರ್ಷದ ಹಿಂದೆ ಅವನು ಸ್ವಂತ ಗ್ಯಾರೇಜು ತೆರೆದ ದಿನ, ನಾಲ್ಕು ಜನ ಗಿರಾಕಿಗಳ ಎದುರಿಗೇ ಭಾವ ಹೇಳಿದ್ದು ಇಷ್ಟೇ: "ಇವನ ಕೈಗೆ ಸೈಕಲ್ ಕೊಟ್ರೂ ಮೂರು ಚಕ್ರ ಮಾಡಿ ವಾಪಸ್ ಕೊಡ್ತಾನೆ." ಅಂದಿನಿಂದ ಮೆಕ್ಯಾನಿಕ್ಕನ ಹೆಸರು ಮೂರುಚಕ್ರ. ಮೂರುಚಕ್ರ ಸುಮ್ಮನಿರುವ ಕುಳವಲ್ಲ. ವಾರ ಕಳೆಯುವುದರೊಳಗೆ ಭಾವನಿಗೂ ಒಂದು ಹೆಸರು ಹುಡುಕಿ ಊರಿಗೆಲ್ಲ ಹಂಚಿಬಿಟ್ಟ. ಅಲ್ಲಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ನೇರ ಮಾತಿಲ್ಲ. ಹಾಗೆಂದು ಮಾತು ನಿಂತಿತೆಂದಲ್ಲ, ಹೆಚ್ಚೇ ಆಯಿತು. ಆದರೆ ಎಲ್ಲವೂ ಅಕ್ಕನ ಮೂಲಕ, ಅವಳಿಲ್ಲದಿದ್ದರೆ ಗೋಡೆಯ ಮೂಲಕ, ಗೋಡೆಯೂ ಇಲ್ಲದ ಕಡೆ ಗಾಡಿಯ ಮೂಲಕ.

ಕಡ್ಡಿಯ ಹೆಂಡತಿ ದೊಡ್ಡ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ವಾರ್ಡಿನ ಗುರುತು ಬರೆಯುವ ಕೆಲಸದಲ್ಲಿದ್ದಳು. ಆ ಕಪ್ಪು ಶಾಯಿ ಕುದಿಯುವ ನೀರಿಗೂ ಬ್ಲೀಚಿಂಗ್ ಪುಡಿಗೂ ಬಗ್ಗುವಂಥದ್ದಲ್ಲ. ಅವಳ ಸ್ವಭಾವವೂ ಅದೇ ಸೀಸೆಯದು ಎಂದು ಗಂಡ ಹೇಳುತ್ತಿದ್ದ, ಅವಳು ಹತ್ತಿರ ಇಲ್ಲದಾಗ. ಒಗೆದ ಬಟ್ಟೆಯ ಗಂಟುಗಳನ್ನು ದಿನವೂ ಬೆಳಿಗ್ಗೆ ಆರೂಮುಕ್ಕಾಲಿಗೆ ಆಸ್ಪತ್ರೆಯ ಹಿಂಬಾಗಿಲಿಗೆ ಮುಟ್ಟಿಸುವುದು ಕಡ್ಡಿಯ ಕೆಲಸ. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಮಿಕ್ಕ ಬಾಡಿಗೆಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ.

ಮೊದಲು ಕೈಕೊಟ್ಟದ್ದು ಟ್ಯಾಂಕು. ತಳ ತುಕ್ಕು ಹಿಡಿದು ತೊಟ್ಟಿಕ್ಕತೊಡಗಿತು. ಕಡ್ಡಿ ಬಟ್ಟೆ ಸೋಪಿನ ಬಿಲ್ಲೆಯನ್ನು ಬಿರುಕಿಗೆ ಉಜ್ಜಿ ಮುಚ್ಚಿದ. ಅದು ನಿಜಕ್ಕೂ ಕೆಲಸ ಮಾಡುವ ಉಪಾಯ, ನಾಲ್ಕು ದಿನದ ಮಟ್ಟಿಗೆ. ಐದನೆಯ ದಿನ ಮತ್ತೆ ಸೋಪು. ಹೀಗೆ ಎರಡು ತಿಂಗಳಲ್ಲಿ ಟ್ಯಾಂಕಿನಲ್ಲಿ ತಗಡಿಗಿಂತ ಸೋಪೇ ಹೆಚ್ಚಾಯಿತು. ಕೊನೆಗೊಂದು ದಿನ ಆಸ್ಪತ್ರೆಯ ದೊಡ್ಡ ಸಿಸ್ಟರು ಗಂಟಿನ ಅಡಿಯ ಬೆಡ್‌ಶೀಟನ್ನು ಮೂಗಿಗೆ ಹಿಡಿದು, ಅದೇ ಶೀಟನ್ನು ಕಡ್ಡಿಯ ಮೂಗಿಗೂ ಹಿಡಿದರು.

"ಇದರ ಮೇಲೆ ಪೇಷಂಟನ್ನ ಮಲಗಿಸಿದ್ರೆ ಅವರು ಎದ್ದು ಗ್ಯಾರೇಜಿಗೆ ಹೋಗ್ತಾರೆ," ಅಂದರು. "ಇನ್ನೊಂದು ಸಲ ಡೀಸೆಲ್ ವಾಸನೆ ಬಂದ್ರೆ, ಒಂದೇ ಒಂದು ದಿನ ತಡವಾಗಿ ಬಂದ್ರೆ, ಬೇರೆ ಗಾಡಿ ನೋಡ್ಕೋತೀನಿ."

ಊರಿನಲ್ಲಿ ಆ ಗಾಡಿಗೆ ಕೈಹಾಕಲು ಒಪ್ಪುತ್ತಿದ್ದ ಮೆಕ್ಯಾನಿಕ್ ಒಬ್ಬನೇ. ಕಡ್ಡಿ ಅಲ್ಲಿಗೆ ಹೋದದ್ದನ್ನು ಹೋದ ಎನ್ನುವುದಕ್ಕಿಂತ ಹೆಂಡತಿ ಅಟ್ಟಿದಳು ಎನ್ನುವುದು ಸರಿ.

ಗ್ಯಾರೇಜಿನಲ್ಲಿ ಮೂರುಚಕ್ರ ಗಾಡಿಯ ಕೆಳಗೆ ಮಲಗಿ, ಟ್ಯಾಂಕು ಹಿಡಿದ ಪಟ್ಟಿಗಳ ಬೋಲ್ಟುಗಳಿಗೆ ಸುತ್ತಿಗೆಯಿಂದ ಬಡಿಯುತ್ತ, ಮೇಲಿನ ಚಾಸಿಗೆ ತನ್ನ ಅಭಿಪ್ರಾಯ ತಿಳಿಸುತ್ತಿದ್ದ. ಇಂಥ ಗಾಡಿ ಇಟ್ಟುಕೊಂಡವರನ್ನು ಹಿಡಿದು ಗುಜರಿಯ ತೂಕಕ್ಕೆ ಹಾಕಬೇಕು ಎಂಬುದು ಅದರ ಸಾರಾಂಶ. ಟ್ಯಾಂಕು ಇಳಿದಾಗ ತಳದ ಸೋಪಿನ ಗಟ್ಟಿಯನ್ನು ಉಗುರಿನಿಂದ ಕೆರೆದು, ಲಾಂಡ್ರಿಯವರ ಗಾಡಿಯಲ್ಲವೇ, ಒಳಗೊಳಗೇ ಒಗೆದುಕೊಳ್ಳುತ್ತಿದೆ ಎಂದು ಗೋಡೆಗೆ ಹೇಳಿದ. ಆಮೇಲೆ ಮೂರುಚಕ್ರ ಹೊಸ ಟ್ಯಾಂಕನ್ನು ತೋರಿಸಿದ. ಕಂಠ ಬಾಗಿತ್ತು, ಬಾಯಿಯೊಳಗೆ ತಂತಿಯ ಜಾಲರಿ. ಅಳತೆ ಕಡ್ಡಿ ಇಳಿಯುವುದಿಲ್ಲ.

"ಮೀಟರೂ ಹೊಸದು ಹಾಕ್ಬೇಕು," ಅಂತ ಗಾಡಿಗೆ ಹೇಳಿದ ಮೂರುಚಕ್ರ. "ಇಲ್ಲಾಂದ್ರೆ ನಿನ್ನ ಯಜಮಾನ್ರು ಜೋತಿಷ್ಯ ಕೇಳ್ಕೊಂಡು ಓಡಿಸ್ಬೇಕಾಗುತ್ತೆ."

ಕಡ್ಡಿ ತನ್ನ ಕಡ್ಡಿಯನ್ನು ಆ ಕಂಠದೊಳಗೆ ಮೂರು ಬಗೆಯಲ್ಲಿ ತುರುಕಿ ನೋಡಿದ. ಮೂರು ಸಲವೂ ಅದು ಜಾಲರಿಗೆ ತಾಕಿ ನಿಂತಿತು. ಬೇರೆ ದಾರಿ ಇರಲಿಲ್ಲ.

ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ, ಅದಕ್ಕೊಂದು ತಂತಿಯ ತೋಳು. ಡೀಸೆಲ್ ಏರಿದರೆ ತೋಳು ಏರಬೇಕು, ಮೀಟರಿನ ಮುಳ್ಳೂ ಏರಬೇಕು. ಮೂರುಚಕ್ರ ಟ್ಯಾಂಕಿನ ಬುರುಡೆಯನ್ನು ಒಂದು ಕಂಪನಿಯದು ತಂದ, ಮೀಟರನ್ನು ಇನ್ನೊಂದು ಕಂಪನಿಯದು. ಎರಡರ ಲೆಕ್ಕ ಒಂದಕ್ಕೊಂದು ತದ್ವಿರುದ್ಧ. ಒಂದು ಮಾತು ಕೇಳಿದ್ದರೆ ಅಲ್ಲೇ ತಿಳಿಯುತ್ತಿತ್ತು. ಕೇಳುವವರು ಯಾರು? ಹಳೇ ಟ್ಯಾಂಕಿನಿಂದ ಇಳಿಸಿದ ಡೀಸೆಲ್ ಎರಡು ಕ್ಯಾನಿನಲ್ಲಿತ್ತು. ಮೂರುಚಕ್ರ ಟೀ ಕುಡಿದು ಬರುವಷ್ಟರಲ್ಲಿ ಕಡ್ಡಿ ಅದರಲ್ಲಿ ನಾಲ್ಕೈದು ಲೀಟರನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ಹೊಸ ಟ್ಯಾಂಕಿಗೆ ಸುರಿದು, ತುಕ್ಕು ಕದಡಿದ ಮಿಕ್ಕದ್ದನ್ನು ಮನೆಯಲ್ಲಿ ಸೋಸಿಕೊಂಡರಾಯಿತೆಂದು ಕ್ಯಾನುಗಳನ್ನು ಸೀಟಿನ ಕೆಳಗೆ ಸೇರಿಸಿದ್ದ. ಮೂರುಚಕ್ರ ಬಂದು ಕೀಲಿ ತಿರುಗಿಸಿದರೆ ಮುಳ್ಳು ಎದ್ದು ಹೋಗಿ 'ಎಫ್' ಅಕ್ಷರದ ಪಕ್ಕ ನಿಂತಿತು. ಸುತ್ತ ನೋಡಿದ, ಕ್ಯಾನುಗಳಿಲ್ಲ. ಎರಡನ್ನೂ ಸುರಿದಿದ್ದಾನೆ ಅಂದುಕೊಂಡ. ಎಷ್ಟು ಸುರಿದಿರಿ ಎಂದು ಕೇಳುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದು ಅವನಿಗೆ ಸುಲಭವಾಗಿತ್ತು. "ಮುಳ್ಳು ನಂಬದವರು ಬಂದು ನೋಡ್ಬಹುದು," ಎಂದು ಸ್ಟೀರಿಂಗಿಗೆ ಹೇಳಿ ಇಳಿದ.

ಐದು ಲೀಟರಿಗೆ ಫುಲ್ ಟ್ಯಾಂಕು ತೋರಿಸುವ ಮೀಟರು! ಕಡ್ಡಿಗೆ ಅನುಮಾನ ಬಂತು. ಬಾಯಿ ಬಿಡಲಿಲ್ಲ. ಮಾರನೆಯ ದಿನ ಬಂಕಿನಲ್ಲಿ ಮೂವತ್ತು ಲೀಟರು ಹಾಕಿಸುತ್ತ, ಕೀಲಿ ತಿರುಗಿಸಿಟ್ಟು ಮೀಟರನ್ನೇ ನೋಡುತ್ತ ಕೂತ. ಡೀಸೆಲ್ ಒಳಗೆ ಹೋದಂತೆಲ್ಲ ಮುಳ್ಳು ನಾಚಿಕೊಂಡವರ ತಲೆಯಂತೆ ಕೆಳಗೆ, ಇನ್ನೂ ಕೆಳಗೆ ಬಂತು. ತುಂಬಿದರೆ ಖಾಲಿ, ಖಾಲಿಯಾದರೆ ಫುಲ್. ಕಡ್ಡಿ ನಕ್ಕ. ಆ ಬಂಕಿನಲ್ಲಿ ಅವನ ಹಲ್ಲನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

ಒಳ್ಳೆಯ ಮನುಷ್ಯನಾಗಿದ್ದರೆ ಅಂದೇ ಹೋಗಿ ಹೇಳುತ್ತಿದ್ದ. ಸಾಧಾರಣ ಮನುಷ್ಯನಾಗಿದ್ದರೆ ಊರಿಗೆಲ್ಲ ಹೇಳುತ್ತಿದ್ದ. ಕಡ್ಡಿ ಯಾರಿಗೂ ಹೇಳಲಿಲ್ಲ. ಮೂರುಚಕ್ರ ಆಗಾಗ ಭಾನುವಾರ ಅಕ್ಕನನ್ನು ಕಾಡಿ ಹಳೇ ಎಂಜಿನ್ನು ಸಾಗಿಸಲು ಪಿಕಪ್ ಒಯ್ಯುವುದುಂಟು. ಒಯ್ಯಲಿ. 'ಎಫ್' ನೋಡಿಕೊಂಡು ಒಯ್ಯಲಿ. ಊರಿನ ನಟ್ಟನಡುವೆ ನಿಲ್ಲಲಿ. ಮೂರುಚಕ್ರ ತಾನೇ ಹಾಕಿದ ಮೀಟರಿನ ಮುಂದೆ ತಾನೇ ಕೂತು, ಹೋಗುವವರು ಬರುವವರು ಏನಾಯ್ತಪ್ಪಾ ಎಂದು ಕೇಳುವ ಆ ದೃಶ್ಯವನ್ನು ಕಡ್ಡಿ ಊಟ ಮಾಡುವಾಗ ನೆನೆಸಿಕೊಂಡು ಇನ್ನೊಂದು ತುತ್ತು ಹೆಚ್ಚು ಉಣ್ಣತೊಡಗಿದ. ದಿನವೂ ಸಂಜೆ ಗಾಡಿಯನ್ನು ಹೆಚ್ಚುಕಡಿಮೆ ಖಾಲಿ ಮಾಡಿಯೇ ಮನೆ ಮುಂದೆ ನಿಲ್ಲಿಸುವುದು, ಬೆಳಿಗ್ಗೆ ದಾರಿಯ ಬಂಕಿನಲ್ಲಿ ಹಾಕಿಸಿಕೊಳ್ಳುವುದು. ಬೋನಿಗೆ ಕೊಬ್ಬರಿ ಸಿಕ್ಕಿಸಿಟ್ಟ ಹಾಗೆ. ಐದು ಭಾನುವಾರ ಕಳೆದವು. ಇಲಿ ಬರಲಿಲ್ಲ.

ಆರನೆಯ ವಾರ, ಬುಧವಾರ ಸಂಜೆ, ಲಾಂಡ್ರಿಯಲ್ಲಿ ಕೊನೆಯ ಗಂಟು ಎತ್ತಿ ಗಾಡಿಗೆ ಹಾಕುವಾಗ ಕಡ್ಡಿಯ ಸೊಂಟ ಹಿಡಿದುಕೊಂಡಿತು. ಹೇಗೋ ಮನೆವರೆಗೆ ಓಡಿಸಿಕೊಂಡು ಬಂದ. ಇಳಿದ ಮೇಲೆ ನೆಟ್ಟಗಾಗಲಿಲ್ಲ. ಬೆಳಿಗ್ಗೆಯೂ ನೆಟ್ಟಗಾಗಲಿಲ್ಲ. ಮಗುಚಿ ಹಾಕಿದ ಜೀರುಂಡೆಯ ಹಾಗೆ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿದ್ದವನನ್ನು ಒಂದು ಸಲ ನೋಡಿ, ಹೆಂಡತಿ ಏನೂ ಕೇಳದೆ ತಮ್ಮನಿಗೆ ಫೋನ್ ಮಾಡಿದಳು.

ಮೂರುಚಕ್ರ ಬಂದ. ಹೊಸ್ತಿಲಾಚೆಯೇ ನಿಂತ. "ಅಕ್ಕಾ, ಗಾಡೀಲಿ ಏನಾದ್ರೂ ನೋಡ್ಕೋಬೇಕಾ ಅಂತ ಕೇಳು," ಅಂದ.

ಮಾತು ಮೂರು ಮಾರು ದೂರದಿಂದ ನೇರವಾಗಿಯೇ ಕೇಳಿಸಿತ್ತು. ಆದರೂ ಹೆಂಡತಿ ಕ್ರಮ ತಪ್ಪಿಸಲಿಲ್ಲ. "ರೀ, ನೋಡ್ಕೋಬೇಕಾದ್ದು ಏನಾದ್ರೂ ಇದ್ಯಾ ಅಂತಿದಾನೆ."

ಕಡ್ಡಿ ಸೂರು ನೋಡುತ್ತ ಮಲಗಿದ್ದ. ಐದು ವಾರ ಕಾದ ಇಲಿ ತಾನಾಗಿ ಬಂದು ಬೋನಿನ ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳುತ್ತಿತ್ತು. "ಏನಿಲ್ಲ," ಅಂದ. "ಮುಳ್ಳು ನೋಡ್ಕೊಂಡು ಹೋಗ್ಲಿ. ಅವನೇ ಹಾಕಿರೋ ಮುಳ್ಳಲ್ವಾ."

ಗಾಡಿ ಹೊರಟ ಸದ್ದು ಕೇಳಿದಾಗ ಸೊಂಟದ ನೋವು ಅರ್ಧ ಇಳಿದಂತಾಯಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದ: ಉಳಿದಿರುವುದು ಒಂದೂವರೆ ಲೀಟರು; ಬಂಕು ದಾಟುತ್ತಾನೆ, ನಿಲ್ಲಿಸುವುದಿಲ್ಲ, ಮುಳ್ಳು ಫುಲ್ ಅನ್ನುತ್ತಿದೆ; ಮೇಲ್ಸೇತುವೆ ಹತ್ತಿ ಇಳಿದು, ನೀರಿನ ಟ್ಯಾಂಕಿನ ಎದುರಿನ ಏರಿನಲ್ಲಿ ನಿಲ್ಲುತ್ತಾನೆ. ಒಳ್ಳೇ ಜಾಗ. ಬಸ್ ಸ್ಟಾಪು ಅಲ್ಲೇ ಇದೆ, ಜನ ಇರುತ್ತಾರೆ. ಜನ ಕೇಳುತ್ತಾರೆ. ಗಾಡಿಯಲ್ಲಿ ಏನಪ್ಪಾ ಲೋಡು ಎಂದು ಕೇಳುತ್ತಾರೆ.

ಲೋಡು.

ಹಿಂದೆ ಇದ್ದದ್ದು ಹಳೇ ಎಂಜಿನ್ನಲ್ಲ, ಆಸ್ಪತ್ರೆಯ ಬಟ್ಟೆ. ಇಲಿ ಕೊಬ್ಬರಿಯ ಜತೆಗೆ ಮನೆಯ ಅನ್ನದ ಪಾತ್ರೆಯನ್ನೂ ಬೋನಿನೊಳಗೆ ಎಳೆದುಕೊಂಡು ಹೋಗಿತ್ತು. ಇದೆಲ್ಲಕ್ಕಿಂತ ದೊಡ್ಡ ಅವಮಾನ ಒಂದು ಗಳಿಗೆ ತಡವಾಗಿ ಹೊಳೆಯಿತು: ಇಪ್ಪತ್ತಾರು ವರ್ಷ ಒಂದು ದಿನವೂ ನಿಲ್ಲದ ಗಾಡಿ ಇವತ್ತು ನಿಲ್ಲುತ್ತದೆ, ಅದೂ ತಾನೇ ಹೊಂಚು ಹಾಕಿದ್ದರಿಂದ.

ಫೋನ್ ತೆಗೆದು, ಜೀವಮಾನದಲ್ಲಿ ಒಮ್ಮೆಯೂ ಒತ್ತದ ನಂಬರನ್ನು ಒತ್ತಿದ. ಎರಡು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ. ಒಂದೇ ರಿಂಗಿಗೆ ಕಟ್ಟು. ಮೂರನೆಯ ಸಲ ಫೋನೇ ಆಫ್. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ತಿಳಿದದ್ದರಿಂದ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಆದರೂ ಮಾಡಿಕೊಂಡ.

ಬಚ್ಚಲಲ್ಲಿ ಹಳೇ ಟ್ಯಾಂಕಿನ ಡೀಸೆಲ್ ಒಂದು ಕ್ಯಾನು, ಸೋಸಿದ್ದು, ಉಳಿದಿತ್ತು. ಮೀಟರು ಉಲ್ಟಾ, ಗಾಡಿ ದಾರಿಯಲ್ಲಿ ನಿಲ್ಲುತ್ತದೆ ಎಂದಷ್ಟೇ ಗಂಡ ಹೇಳಿದ್ದಕ್ಕೆ ಹೆಂಡತಿ ತನ್ನ ಸ್ಕೂಟರು ತೆಗೆದಳು. ಕಡ್ಡಿ ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿ ಹಿಂದೆ ಕೂತ, ಇಬ್ಬರ ನಡುವೆ ಕ್ಯಾನು. ಮೊದಲ ತಿರುವಿನಲ್ಲಿ ಅವಳು ಕೇಳಿದಳು.

"ರೀ, ಮೀಟರ್ ಉಲ್ಟಾ ಅಂತ ನಿಮಗೆ ಯಾವಾಗಿಂದ ಗೊತ್ತು?"

"ನಿಧಾನ. ಮುಂದೆ ಗುಂಡಿ ಇದೆ."

"ಗುಂಡಿ ತೋಡಿದ್ದು ಯಾರು ಅಂತ ಗೊತ್ತಾಯ್ತು," ಅಂದಳು ಅವಳು, ಮತ್ತು ಮುಂದಿನ ಗುಂಡಿಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಗುಂಡಿಗೂ ಕಡ್ಡಿಯ ಸೊಂಟದಿಂದ ಒಂದು ಉತ್ತರ ಹೊರಟಿತು.

ನೀರಿನ ಟ್ಯಾಂಕಿನ ಎದುರಿನ ಏರು ಬಂತು. ಪಿಕಪ್ ಅಲ್ಲೇ ಇತ್ತು, ಲೆಕ್ಕ ಹಾಕಿದ ಜಾಗದಿಂದ ಹತ್ತು ಹೆಜ್ಜೆ ಹೆಚ್ಚಿಲ್ಲ, ಹತ್ತು ಹೆಜ್ಜೆ ಕಡಿಮೆಯಿಲ್ಲ. ಆ ಸ್ಥಿತಿಯಲ್ಲೂ ಕಡ್ಡಿಗೆ ಎದೆ ಉಬ್ಬಿತು. ಮೂರುಚಕ್ರ ಬಾನೆಟ್ ಎತ್ತಿ, ಫಿಲ್ಟರು ಬಿಚ್ಚಿ, ಬ್ಯಾಟರಿ ವೈರು ಕಳಚಿ ಮತ್ತೆ ಕಟ್ಟಿ, ಸೆಲ್ಫು ಹೊಡೆದು ಹೊಡೆದು ಬೆವೆತಿದ್ದ. ಡೀಸೆಲ್ ಒಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೂ ಅವನಿಗೆ ಅನುಮಾನವಿತ್ತು. ಬಸ್ ಸ್ಟಾಪಿನ ಜನ ನಿಜಕ್ಕೂ ಕೇಳುತ್ತಿದ್ದರು. ಕನಸಿನ ದೃಶ್ಯ ಚಾಚೂ ತಪ್ಪದೆ ಎದುರಿಗಿತ್ತು. ಕಡ್ಡಿಗೆ ಮಾತ್ರ ನಗು ಬರಲಿಲ್ಲ.

"ಅಕ್ಕಾ, ಟ್ಯಾಂಕ್ ಫುಲ್ ಇದೆ. ಆ ಕ್ಯಾನ್ ಯಾಕೆ ಅಂತ ಕೇಳು."

"ಕೀಲಿ ತಿರುಗಿಸಿ ಮುಳ್ಳು ನೋಡ್ತಾ ಇರೋಕೆ ಹೇಳು," ಅಂದ ಕಡ್ಡಿ.

ಬೆನ್ನು ಬಾಗಿಸಿಕೊಂಡೇ ಅವನು ಟ್ಯಾಂಕಿನ ಬಾಯಿಗೆ ಕ್ಯಾನು ಓರೆ ಮಾಡಿದ. ಒಳಗೆ ಕೂತಿದ್ದ ಮೂರುಚಕ್ರನ ಕಣ್ಣೆದುರಿಗೆ ಮುಳ್ಳು 'ಎಫ್' ಬಿಟ್ಟು ಮೆಲ್ಲಗೆ ಕೆಳಗೆ ಸರಿಯಿತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಇಳಿದು ಬಂದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಗಾಡಿಯನ್ನೂ ಗೋಡೆಯನ್ನೂ ಅಕ್ಕನನ್ನೂ ಬಿಟ್ಟು ನೇರವಾಗಿ ಮುಖಕ್ಕೇ ಕೇಳಿದ.

"ಎಷ್ಟು ದಿನದಿಂದ ಗೊತ್ತಿತ್ತು, ಭಾವ?"

"ನೀನು ಹಾಕಿದ ಮಾರನೇ ದಿನದಿಂದ."

"ಹಾವಾದ್ರೂ ಬುಸ್ ಅಂತ ಹೇಳಿ ಕಚ್ಚುತ್ತೆ."

"ಮೆಕ್ಯಾನಿಕ್ ಆದವನು ಎಷ್ಟು ಡೀಸೆಲ್ ಇದೆ ಅಂತ ಕೇಳಿ ಮೀಟರ್ ಹಾಕ್ತಾನೆ."

ಇನ್ನೂ ಬಹಳ ಇತ್ತು. ಇಬ್ಬರ ಹತ್ತಿರವೂ ಹತ್ತೊಂಬತ್ತು ವರ್ಷದ ದಾಸ್ತಾನಿತ್ತು. ಆದರೆ ಅಕ್ಕ ಸ್ಕೂಟರಿನ ಹಾರನ್ನು ಒತ್ತಿ ಹಿಡಿದಳು, ಇಬ್ಬರೂ ಬಾಯಿ ಮುಚ್ಚುವವರೆಗೂ ಬಿಡಲಿಲ್ಲ.

ಖಾಲಿಯಾದ ಡೀಸೆಲ್ ಗಾಡಿಗೆ ಮತ್ತೆ ಡೀಸೆಲ್ ಸುರಿದಾಕ್ಷಣ ಅದು ಹೊರಡುವುದಿಲ್ಲ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯುವುದು ಮೂರುಚಕ್ರನಿಗೆ ಮಾತ್ರ ಗೊತ್ತಿತ್ತು. ಹ್ಯಾಂಡ್ ಪಂಪು ಒತ್ತಲು ಇನ್ನೊಂದು ಕೈ ಬೇಕಿತ್ತು. ಕಡ್ಡಿ ಒತ್ತಿದ, ಮೂರುಚಕ್ರ ನಟ್ಟು ಸಡಿಲಿಸಿ ಗುಳ್ಳೆ ಬಿಟ್ಟ. ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ, ಇಬ್ಬರ ಕೈಯೂ ಮೊಣಕೈವರೆಗೆ ಡೀಸೆಲ್. ಗಾಡಿ ಕೆಮ್ಮಿ, ಹೊಗೆ ಕಾರಿ, ಹೊರಟಿತು.

ಆಸ್ಪತ್ರೆಯ ಹಿಂಬಾಗಿಲಿನಲ್ಲಿ ದೊಡ್ಡ ಸಿಸ್ಟರು ನಿಂತಿದ್ದರು. ಏಳೂಕಾಲು. ಮೂರುಚಕ್ರ ಹಾರಿ ಇಳಿದು ಗಂಟಿಗೆ ಕೈಹಾಕಲು ಹೋದಾಗ ಕಡ್ಡಿ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದ. ಎಳೆದು, ತನ್ನ ಎರಡು ಕೈಗಳನ್ನು ಅವನ ಮೂಗಿನ ಮುಂದೆ ಹಿಡಿದ. ಮೂರುಚಕ್ರನಿಗೆ ಅರ್ಥವಾಯಿತು. ಡ್ಯಾಶ್‌ಬೋರ್ಡಿನ ಮೇಲೆ, ಹಳೇ ಟ್ಯಾಂಕಿನ ಕಾಲದ ಸೋಪಿನ ಬಿಲ್ಲೆ ಇನ್ನೂ ಬಿದ್ದಿತ್ತು. ಇಬ್ಬರೂ ಅಂಗಳದ ನಲ್ಲಿಯ ಕೆಳಗೆ ಕೈ ತೊಳೆದರು, ಒಬ್ಬರ ಕೈಯಿಂದ ಒಬ್ಬರು ಸೋಪು ಕಿತ್ತುಕೊಳ್ಳುತ್ತ, ಯಾರು ಹೆಚ್ಚು ಹೊತ್ತು ಉಜ್ಜುತ್ತಾರೆಂಬ ಪಂದ್ಯವೋ ಎಂಬಂತೆ.

ಸಿಸ್ಟರು ಒಂದೊಂದೇ ಗಂಟಿಗೆ ಮೂಗು ಹಿಡಿದು ನೋಡಿದರು. ವಾಸನೆ ಇರಲಿಲ್ಲ. ಅದು ಅವರಿಗೆ ಸ್ವಲ್ಪ ಬೇಸರ ತಂದಂತೆ ಕಂಡಿತು. "ಅರ್ಧ ಗಂಟೆ ತಡ. ಯಾರ ತಪ್ಪು?"

ಕಡ್ಡಿಯ ನಾಲಿಗೆಯ ತುದಿಯಲ್ಲಿ ಒಂದು ಹೆಸರಿತ್ತು. ಮೂರುಚಕ್ರನ ನಾಲಿಗೆಯ ತುದಿಯಲ್ಲೂ ಇತ್ತು. ಹಿಂದೆ ಸ್ಕೂಟರು ನಿಲ್ಲಿಸಿಕೊಂಡು ಅಕ್ಕ ಇಬ್ಬರ ಬೆನ್ನನ್ನೂ ನೋಡುತ್ತಿದ್ದಳು.

"ಮೀಟರಿನದು," ಅಂದರು ಇಬ್ಬರೂ.

"ನಾಳೆ ಆರೂಮುಕ್ಕಾಲಿಗೆ ನಾನೇ ಬಂದು ನೋಡ್ತೀನಿ. ಮೀಟರ್ ನಿಜ ಹೇಳ್ತಿರಬೇಕು. ಇಲ್ಲದಿದ್ರೆ ಇವತ್ತೇ ಕೊನೆ ಅಂದ್ಕೊಳ್ಳಿ."

ಕೆಲಸ ಉಳಿಯಲು ಬೇಕಿದ್ದದ್ದು ಅರ್ಧ ಗಂಟೆಯ ರಿಪೇರಿ. ಆ ದಿನ ಸಂಜೆಯವರೆಗೂ ಅದು ಆಗಲಿಲ್ಲ. ಭಾವ ಗಾಡಿ ತಂದು, ಬಾಯಿಬಿಟ್ಟು ಕೇಳಿದರೆ ಮಾಡಿಕೊಡುತ್ತೇನೆ ಎಂದು ಮೂರುಚಕ್ರ ಅಕ್ಕನಿಗೆ ಹೇಳಿದ. ಅವನು ಬಂದು, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿದರೆ ಮಾಡಿಸುತ್ತೇನೆ ಎಂದು ಕಡ್ಡಿ ಹೆಂಡತಿಗೆ ಹೇಳಿದ. ನೇರ ಮಾತು ಬೆಳಿಗ್ಗೆ ಹುಟ್ಟಿ ಬೆಳಿಗ್ಗೆಯೇ ತೀರಿಕೊಂಡಿತ್ತು. ಅವಳು ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಮಾತು ಹೊತ್ತಳು. ಐದನೆಯ ಸಲ ಹೊರಲಿಲ್ಲ. ಚೀಲದಿಂದ ಲಾಂಡ್ರಿಯ ಶಾಯಿಯ ಸೀಸೆ, ಸಣ್ಣ ಕುಂಚ ತೆಗೆದುಕೊಂಡು ಹೋಗಿ ಗಾಡಿಯೊಳಗೆ ಕೂತಳು.

ಮಾರನೆಯ ಬೆಳಿಗ್ಗೆ ಕಡ್ಡಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಸೀಟು ಹತ್ತಿದ. ಮೀಟರಿನ ಗಾಜಿನ ಮೇಲೆ, ವಾರ್ಡಿನ ಗುರುತು ಬರೆಯುವ ಅದೇ ದುಂಡು ಅಕ್ಷರದಲ್ಲಿ, 'ಎಫ್' ಇದ್ದ ಕಡೆ 'ಖಾಲಿ' ಎಂದೂ 'ಇ' ಇದ್ದ ಕಡೆ 'ತುಂಬಿದೆ' ಎಂದೂ ಇತ್ತು. ಸಿಸ್ಟರು ಕಿಟಕಿಯಲ್ಲಿ ತಲೆ ತೂರಿಸಿ ಓದಿದರು. ಎರಡನೆಯ ಸಲ ಓದಿದರು. ಬರೆದದ್ದು ಯಾರೆಂದು ಕೇಳಿದರು. ಮನೆಯವಳು ಎಂದ ಕಡ್ಡಿ. ಗಾಡಿಯನ್ನೂ ಅವಳ ಕೈಗೇ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಹೇಳಿ, ಗಂಟುಗಳನ್ನು ಒಳಗೆ ತೆಗೆದುಕೊಂಡರು.

ಕೆಲಸ ಉಳಿಯಿತು. ಆದರೆ ಆ ಬರಹವನ್ನು ದಿನವೂ ನೋಡುತ್ತ ಓಡಿಸುವುದು ಕಡ್ಡಿಯಿಂದ ಆಗುತ್ತಿರಲಿಲ್ಲ; ಅವನ ಐದು ವಾರದ ಗುಟ್ಟು ಅಲ್ಲಿ ಶಾಲೆಯ ಹಲಗೆಯ ಮೇಲಿನ ಪಾಠದ ಹಾಗೆ ನಿಂತಿತ್ತು. ಒಂದು ಭಾನುವಾರ, ಮೂರುಚಕ್ರ ಎಂಜಿನ್ನು ಸಾಗಿಸಿ ಗಾಡಿ ತಂದು ನಿಲ್ಲಿಸಿ ಹೋದ ಮೇಲೆ, ಹೆಂಡತಿ ಒಳಗಿರುವುದನ್ನು ಖಚಿತಪಡಿಸಿಕೊಂಡು, ಬನಿಯನ್ನಿನ ತುಂಡನ್ನು ಡೀಸೆಲಿನಲ್ಲಿ ಅದ್ದಿ ಒರೆಸಲು ಕೂತ. ಗಾಜು ಆಗಲೇ ಒದ್ದೆಯಾಗಿತ್ತು. 'ಖಾಲಿ' ಎಂಬುದರ ಮೇಲೆ ಗ್ರೀಸು ಹತ್ತಿದ ಹೆಬ್ಬೆರಳ ಗುರುತು, ಒಂದಲ್ಲ, ನಾಲ್ಕೈದು. ಯಾರೋ ಬಲವಾಗಿ ಉಜ್ಜಿದ್ದರು. ಅಕ್ಷರ ಕೂದಲೆಳೆಯಷ್ಟೂ ಮಾಸಿರಲಿಲ್ಲ.

ಕಡ್ಡಿ ಆ ಗುರುತುಗಳ ಪಕ್ಕದಲ್ಲೇ ತನ್ನ ಹೆಬ್ಬೆರಳನ್ನು ಒತ್ತಿ, ಶಕ್ತಿಯಿದ್ದಷ್ಟೂ ಉಜ್ಜಿದ.